ಎಂಟು ವ್ಯಾಟ್ ಟ್ಯೂಬ್ ಆಂಪ್ಲಿಫೈಯರ್‌ಗೆ ಯಾವ ಸ್ಪೀಕರ್? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಲವು ವರ್ಷ ಹಣ ಕೂಡಿಸಿ 300ಬಿ ಎಂಬ ನಿರ್ವಾತ ಟ್ಯೂಬಿನ ಸಿಂಗಲ್ ಎಂಡೆಡ್ (ಇಡೀ ಧ್ವನಿ ತರಂಗವನ್ನು ಒಂದೇ ಟ್ಯೂಬ್ ವರ್ಧಿಸುವ) ಆಂಪ್ಲಿಫೈಯರ್ ಕೊಂಡಿದ್ದೇನೆ. ಚಾನೆಲ್‌ಗೆ ಎಂಟೇ ವ್ಯಾಟ್. ಮಲ್ಲಿಕಾರ್ಜುನ ಮನ್ಸೂರರ ಕಂಠ ಎದುರಿಗೇ ಕುಳಿತು ಹಾಡಿದಂತೆ ಕೇಳುತ್ತದೆ, ಅದೂ ಸಣ್ಣ ದನಿಯಲ್ಲಿಟ್ಟಾಗ ಮಾತ್ರ. ನನ್ನ ಹಳೆಯ ಸ್ಪೀಕರ್‌ಗಳ ಸಂವೇದನೆ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಬರುವ ಸದ್ದಿನ ಮಟ್ಟ, 86 ಡೆಸಿಬೆಲ್. ತಬಲಾದ ಎಡಗೈ ಪೆಟ್ಟು ಜೋರಾದ ಕೂಡಲೇ ನಾದ ಒಡೆಯುತ್ತದೆ. ತುಂಬ ಬೇಸರವಾಗುತ್ತದೆ.

ಸಂವೇದನೆ ಮೂರು ಡೆಸಿಬೆಲ್ ಹೆಚ್ಚಿದರೆ ಅಷ್ಟೇ ಸದ್ದಿಗೆ ಅರ್ಧದಷ್ಟು ವಿದ್ಯುತ್ ಸಾಕು. ಆ ಲೆಕ್ಕದಲ್ಲಿ, ಕಂಪನಿ 102 ಡೆಸಿಬೆಲ್ ಎಂದು ಹೇಳುವ ಕ್ಲಿಪ್ಶ್ ಕಾರ್ನ್‌ವಾಲ್ 4 ಸ್ಪೀಕರ್‌ಗೆ ಈಗಿನ ವಿದ್ಯುತ್ತಿನ ನಲವತ್ತನೆಯ ಒಂದು ಪಾಲು ಸಾಕಾಗಬೇಕು. ಇನ್ನೊಂದು ಆಯ್ಕೆ ಡಿವೋರ್ ಒರಾಂಗುಟಾನ್ ಒ/96. ಅದರ ಸಂವೇದನೆ 96 ಡೆಸಿಬೆಲ್, ವಿದ್ಯುತ್ ರೋಧ 10 ಓಮ್. ಟ್ಯೂಬಿಗೆ ಸುಲಭದ ಹೊರೆ. ನನ್ನ ಮನಸ್ಸು ಇದರ ಕಡೆಗೇ ವಾಲುತ್ತಿದೆ.

ಕೋಣೆ ಹನ್ನೆರಡು ಅಡಿಗೆ ಹದಿನಾರು ಅಡಿ; ಕೂರುವುದು ಒಂಬತ್ತು ಅಡಿ ದೂರದಲ್ಲಿ. ಕಾರ್ನ್‌ವಾಲ್ ಎರಡು ಅಡಿಗೂ ಮಿಕ್ಕಿ ಅಗಲ. ಅಷ್ಟು ಹತ್ತಿರದಿಂದ ಅದರ ಹಾರ್ನ್ (ಸದ್ದು ಹೊರಬಿಡುವ ಕಹಳೆಯಂಥ ಬಾಯಿ) ಕೇಳಿದರೆ ಗಾಯಕರ ದನಿ ಮೂಗಿನಿಂದ ಬಂದಂತೆ ಆಗುತ್ತದೆಯೇ? ಅದರ ಹದಿನೈದು ಇಂಚಿನ ವೂಫರ್ (ಮಂದ್ರ ನಾದ ಹೊರಡಿಸುವ ಭಾಗ) ಗೋಡೆಯ ಪಕ್ಕದಲ್ಲಿ ಗುಂಯ್‌ಗುಡುತ್ತದೆಯೇ? ಕಡಿಮೆ ವ್ಯಾಟ್ ಟ್ಯೂಬಿನೊಂದಿಗೆ ಇವನ್ನು ಬಳಸಿದವರು ದಯವಿಟ್ಟು ಬರೆಯಿರಿ. ಬೆಂಗಳೂರು, ಮೈಸೂರುಗಳಲ್ಲಿ ಯಾರಾದರೂ ಕೇಳಿಸುವುದಾದರೆ ಆಂಪ್ಲಿಫೈಯರ್ ಹೊತ್ತುಕೊಂಡೇ ಬರುತ್ತೇನೆ.