‘ನಾಡೆಡ್ ಆಫ್’ ಅಂದರೆ ತೂಕಡಿಸಿದ್ದಾ, ನಿದ್ದೆ ಹೋಗಿದ್ದಾ?

ಪ್ರಶ್ನೆ: ಮೇಡಂ, ನಮಸ್ಕಾರ. ವಿದೇಶದ ಸಹೋದ್ಯೋಗಿಯೊಬ್ಬರು ಮೀಟಿಂಗ್ ಮಧ್ಯೆ ಸದ್ದಿಲ್ಲದೆ ಇದ್ದರು. ಆಮೇಲೆ ‘ಸಾರಿ, ಐ ನಾಡೆಡ್ ಆಫ್’ ಅಂತ ಮೆಸೇಜ್ ಹಾಕಿದರು. ನಾಡ್ ಅಂದರೆ ತಲೆಯಾಡಿಸಿ ಒಪ್ಪೋದು ತಾನೇ? ನಾವು ‘ಐ ಸ್ಲೆಪ್ಟ್ ಆಫ್’ ಅಂತೀವಲ್ಲ, ಇದೂ ಅದೇನಾ?

ಉತ್ತರ: ಒಪ್ಪಿಗೆಗೂ ಇದಕ್ಕೂ ಸಂಬಂಧವಿಲ್ಲ. ಕೂತಲ್ಲೇ ನಿದ್ದೆ ಬಂದವರ ತಲೆ ಮುಂದಕ್ಕೆ ವಾಲುತ್ತಲ್ಲ, ಆ ವಾಲುವಿಕೆಯೇ ಇಲ್ಲಿನ ‘ನಾಡ್’. ‘ಆಫ್’ ಸೇರಿದರೆ ಎಚ್ಚರ ತಪ್ಪಿ ನಿದ್ದೆಗೆ ಜಾರಿದರು ಅಂತ.

ತೂಕಡಿಸೋದಾ, ನಿದ್ದೆ ಹೋಗೋದಾ ಅನ್ನೋದನ್ನ ಕ್ರಿಯಾಪದದ ರೂಪವೇ ಹೇಳುತ್ತೆ. ‘ಐ ವಾಸ್ ನಾಡಿಂಗ್ ಆಫ್’ ಅಂದರೆ ತೂಕಡಿಸ್ತಾ ಇದ್ದೆ, ಇನ್ನೂ ಪೂರ್ತಿ ನಿದ್ದೆ ಹತ್ತಿರಲಿಲ್ಲ. ‘ಐ ನಾಡೆಡ್ ಆಫ್’ ಅಂದರೆ ನಿದ್ದೆ ಹತ್ತೇಬಿಟ್ಟಿತು. ನಿಮ್ಮ ಸಹೋದ್ಯೋಗಿ ಎರಡನೆಯದನ್ನು ಹೇಳಿದ್ದಾರೆ, ಪ್ರಾಮಾಣಿಕರು!

ಇನ್ನು ‘ಸ್ಲೆಪ್ಟ್ ಆಫ್’. ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ, ನಮ್ಮ ನಮ್ಮಲ್ಲಿ ಅರ್ಥವೂ ಆಗುತ್ತೆ. ಆದರೆ ಹೊರಗಿನವರಿಗೆ ಅದು ಅರ್ಧ ವಾಕ್ಯ. ಅವರ ಇಂಗ್ಲಿಷ್‌ನಲ್ಲಿ ‘ಸ್ಲೀಪ್ ಆಫ್’ಗೆ ಕರ್ಮಪದ ಬೇಕೇಬೇಕು: ‘ಶಿ ಸ್ಲೆಪ್ಟ್ ಆಫ್ ಹರ್ ಹೆಡೇಕ್’, ಅಂದರೆ ಮಲಗೆದ್ದು ತಲೆನೋವು ಕಳೆದುಕೊಂಡಳು. ನೀವು ಬರೀ ‘ಐ ಸ್ಲೆಪ್ಟ್ ಆಫ್’ ಅಂದರೆ, ಏನನ್ನು ಕಳೆದುಕೊಂಡಿರಿ ಅಂತ ಕಾಯ್ತಾರೆ. ಕುಡಿದದ್ದು ಇಳಿಸಿಕೊಳ್ಳೋಕೆ ಮಲಗೋದಕ್ಕೂ ಇದೇ ಪದ, ಹಾಗಾಗಿ ಮ್ಯಾನೇಜರ್ ಹತ್ತಿರ ಸ್ವಲ್ಪ ಹುಷಾರು.

ಮರುಪ್ರಶ್ನೆ: ಹಾಗಾದರೆ ‘ಐ ವಿಲ್ ನಾಡ್ ಆಫ್ ಅಟ್ ಟೆನ್’ ಅನ್ನಬಹುದಾ?

ಉತ್ತರ: ಬೇಡ. ಇದು ತಾನಾಗಿ ಆಗುವಂಥದ್ದು, ಟೈಮ್ ಇಟ್ಟು ಮಾಡುವಂಥದ್ದಲ್ಲ. ಮಲಗುವ ಯೋಜನೆಗೆ ‘ಗೋ ಟು ಬೆಡ್’. ಹೊರಳಾಡಿ ಹೊರಳಾಡಿ ಕೊನೆಗೆ ನಿದ್ದೆ ಬಂತು ಅನ್ನೋಕೆ ಮಾತ್ರ ‘ಐ ಫೈನಲಿ ನಾಡೆಡ್ ಆಫ್ ಅಟ್ ತ್ರೀ’ ಧಾರಾಳವಾಗಿ ನಡೆಯುತ್ತೆ. ‘ಫಾರ್ ಟೆನ್ ಮಿನಿಟ್ಸ್’ ಸೇರಿಸಿದರೂ ಸರಿ. ಎಂಟು ಗಂಟೆಯ ನಿದ್ದೆಗೆ ಹೊಂದಲ್ಲ.

‘ಡೋಜ್ ಆಫ್’ ಹೆಚ್ಚುಕಮ್ಮಿ ಇದೇ, ಜೊಂಪು ಹತ್ತೋದು. ‘ಡ್ರಾಪ್ ಆಫ್’ ಕೂಡ ಇದೆ. ಆದರೆ ಯಾರನ್ನೋ ಎಲ್ಲೋ ಇಳಿಸಿ ಬರೋದಕ್ಕೂ ಅದನ್ನೇ ಬಳಸ್ತಾರೆ, ಸಂದರ್ಭ ನೋಡಿಕೊಳ್ಳಿ. ಎಲ್ಲವೂ ಆಡುಮಾತು. ವರದಿ, ಕಚೇರಿ ಪತ್ರಗಳಲ್ಲಿ ‘ಫೆಲ್ ಅಸ್ಲೀಪ್’ ಬರೆಯಿರಿ.

ಇನ್ನೊಬ್ಬರು: ಮೇಡಂ, ‘ಐ ನಾಡೆಡ್ ಆಫ್ ದ ಬೇಬಿ’ ಸರೀನಾ? ಮಗೂನ ಮಲಗಿಸಿದೆ ಅಂತ ಹೇಳೋಕೆ.

ಉತ್ತರ: ತಪ್ಪು. ಇದಕ್ಕೆ ಕರ್ಮಪದ ಸೇರಲ್ಲ, ನಿದ್ದೆ ಹೋದವರೇ ಕರ್ತೃವಾಗಬೇಕು: ‘ದ ಬೇಬಿ ನಾಡೆಡ್ ಆಫ್’. ಮಲಗಿಸಿದ್ದು ನೀವು ಅಂತಾದರೆ ‘ಐ ಪುಟ್ ದ ಬೇಬಿ ಟು ಸ್ಲೀಪ್’. ಇದನ್ನೇ ಸಾಕುನಾಯಿಗೆ ಹೇಳಿಬಿಟ್ಟೀರಿ! ಪ್ರಾಣಿಗಳ ವಿಷಯದಲ್ಲಿ ‘ಪುಟ್ ಟು ಸ್ಲೀಪ್’ ಅಂದರೆ ಇಂಜೆಕ್ಷನ್ ಕೊಟ್ಟು ದಯಾಮರಣ ಕೊಡಿಸಿದರು ಅಂತ. ನಾಯಿ ಮಲಗಿದೆ ಅನ್ನೋಕೆ ‘ದ ಡಾಗ್ ಈಸ್ ಅಸ್ಲೀಪ್’ ಸಾಕು.