ನೇರಳೆ ಟೊಮೆಟೊ ಪಾಲಿಹೌಸ್‌ನಲ್ಲಿ ಅರ್ಧ ಮಾತ್ರ ನೇರಳೆಯಾಗುತ್ತಿದೆ, ಏಕೆ?

ಹತ್ತುಗುಂಟೆ (ದೊಡ್ಡಬಳ್ಳಾಪುರ) · ಜನವರಿ 11

ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನನ್ನದೊಂದು ಹತ್ತು ಗುಂಟೆಯ ಪಾಲಿಹೌಸ್ ಇದೆ. ಆರು ವರ್ಷದಿಂದ ಅದರಲ್ಲಿ ಕೆಂಪು, ಹಳದಿ ದೊಣ್ಣೆಮೆಣಸಿನಕಾಯಿ ಬೆಳೆಯುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಅಮೆರಿಕದಿಂದ ಬಂದವನು ಎರಡು ಪುಟ್ಟ ಲಕೋಟೆ ಬೀಜ ಕೈಗಿಟ್ಟ. ಹೆಸರು ‘ಇಂಡಿಗೋ ರೋಸ್’. ಲಕೋಟೆಯ ಮೇಲಿನ ಚಿತ್ರದಲ್ಲಿ ಹಣ್ಣು ಥೇಟ್ ಜಂಬುನೇರಳೆ. “ಮಾವ, ಬೆಂಗಳೂರಿನಲ್ಲಿ ಇದನ್ನು ಕೇಳಿದ ಬೆಲೆಗೆ ಕೊಳ್ಳುತ್ತಾರೆ” ಎಂದು ಹೇಳಿ ವಿಮಾನ ಹತ್ತಿದ. ಕೊಳ್ಳುವವರ ವಿಳಾಸ ಮಾತ್ರ ಕೊಟ್ಟು ಹೋಗಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಟ್ರೇಯಲ್ಲಿ ಬಿತ್ತಿದೆ. 64 ಸಸಿ ಬಂದವು. 60 ಅನ್ನು ಪಾಲಿಹೌಸ್‌ನ ಒಂದು ಸಾಲಿಗೆ ಹಾಕಿ, ದಾರ ಕಟ್ಟಿ, ಒಂಟಿ ಕಾಂಡದಲ್ಲಿ ಏರಿಸಿದ್ದೇನೆ. ಉಳಿದ ನಾಲ್ಕನ್ನು ಎಸೆಯಲು ಮನಸ್ಸಾಗದೆ ಪಂಪ್ ಮನೆಯ ಪಕ್ಕದ ಬಯಲಿನಲ್ಲಿ ನೆಟ್ಟೆ.

ಈಗ ತೊಂದರೆ ಕೇಳಿ. ಪಾಲಿಹೌಸ್ ಒಳಗಿನ ಹಣ್ಣು ಓಡಾಡುವ ದಾರಿಯ ಕಡೆಗಿನ ಬದಿಯಲ್ಲಿ ಮಾತ್ರ ನೇರಳೆ. ಅದೂ ಮಾಸಿದ ನೇರಳೆ, ತೊಳೆದು ತೊಳೆದು ಬಣ್ಣ ಹೋದ ಸೀರೆಯ ಹಾಗೆ. ಎಲೆಯ ಮರೆಯಲ್ಲಿರುವ ಗೊಂಚಲು ಹಸಿರಾಗಿಯೇ ಇದ್ದು, ಆಮೇಲೆ ಸಾಮಾನ್ಯ ಟೊಮೆಟೊ ಹಾಗೆ ಕೆಂಪಾಗುತ್ತಿದೆ. ಹೊರಗೆ ನೆಟ್ಟ ನಾಲ್ಕು ಗಿಡದ ಹಣ್ಣು ಮಾತ್ರ ಕಾಡಿಗೆಯಷ್ಟು ಕಪ್ಪು. ಗೊಬ್ಬರ, ನೀರು ಎಲ್ಲವೂ ಒಂದೇ ಡ್ರಿಪ್ಪಿನದು.

ಎರಡನೆಯದು ಇನ್ನೂ ನಾಚಿಕೆಯ ವಿಷಯ. ಚೆನ್ನಾಗಿ ಕಪ್ಪಾದವನ್ನು ಆರಿಸಿ 21 ಕಿಲೋ ಯಲಹಂಕದ ಒಂದು ಅಪಾರ್ಟ್‌ಮೆಂಟಿಗೆ ಕಳುಹಿಸಿದೆ. ಮರುದಿನವೇ ದೂರು: ಹಣ್ಣು ಕಲ್ಲು, ರುಚಿ ಹುಣಸೆಕಾಯಿ. ದುಡ್ಡು ವಾಪಸ್ ಕೊಟ್ಟೆ. ಅಮ್ಮ ನಾಲ್ಕು ಹಣ್ಣನ್ನು ಸಾರಿಗೆ ಹಾಕಿದರು. ಕುದಿಯುತ್ತಿದ್ದಂತೆ ಸಿಪ್ಪೆ ಬಿಟ್ಟುಕೊಂಡು, ಸುರುಳಿ ಸುತ್ತಿ, ಪೆನ್ಸಿಲ್ ಹೆರೆದ ಚೂರಿನಂತೆ ಮೇಲೆ ತೇಲಿತು. “ಬದನೆಕಾಯಿ ಮನೆಗೆ ಮದುವೆಯಾಗಿ ಹೋದ ಟೊಮೆಟೊ ಇದು, ಎರಡು ಮನೆಗೂ ಸಲ್ಲುವುದಿಲ್ಲ” ಎಂದು ಅಮ್ಮ ತೀರ್ಪು ಕೊಟ್ಟಾಗಿದೆ. ಪಕ್ಕದ ತೋಟದವರು ಇದು ಕುಲಾಂತರಿ, ಪೊಲೀಸರು ಬರುತ್ತಾರೆ ಎಂದು ಬೇರೆ ಹೆದರಿಸುತ್ತಿದ್ದಾರೆ.

ಬಣ್ಣ ಬರಲು ಏನು ಮಾಡಬೇಕು? ಪೊಟ್ಯಾಷ್ ಹೆಚ್ಚಿಸಲೇ? ಎಲೆ ಕೀಳಲೇ?


ಮಾಲೂರು ರೈತ · ಜನವರಿ 11

ತಮ್ಮ, ಪೊಟ್ಯಾಷ್ ಚೀಲ ಅಲ್ಲೇ ಇರಲಿ. ಮೊದಲು ಹಣ್ಣನ್ನು ನೋಡುವುದನ್ನು ಕಲಿಯೋಣ.

ನಾನೂ ಮೂರು ವರ್ಷದ ಹಿಂದೆ ಹೋಟೆಲಿನವರೊಬ್ಬರ ಮಾತು ಕೇಳಿ ಇದೇ ಜಾತಿಯ ಇನ್ನೂರು ಗಿಡ ಹಾಕಿದ್ದೆ. ಹೋಟೆಲಿನವರು ಎರಡು ವಾರ ಕೊಂಡು ಸುಮ್ಮನಾದರು. ಉಳಿದದ್ದನ್ನು ಮಂಡಿಗೆ ಒಯ್ದರೆ, ದಲ್ಲಾಳಿ ಬಾಕ್ಸ್‌ನೊಳಗೆ ಇಣುಕಿ “ಯಜಮಾನರೇ, ಇದೇನು ಕೊಳೆತದ್ದೋ, ಸುಟ್ಟದ್ದೋ?” ಎಂದ. ಹದಿನೈದು ಕಿಲೋ ಬಾಕ್ಸ್ ಹಾಗೆಯೇ ಮನೆಗೆ ವಾಪಸ್ ತಂದೆ. ಆ ಕಥೆ ಇನ್ನೊಮ್ಮೆ.

ಈ ಟೊಮೆಟೊದ ನೇರಳೆಗೂ ಹಣ್ಣಾಗುವುದಕ್ಕೂ ಸಂಬಂಧವಿಲ್ಲ. ಗೋಲಿ ಗಾತ್ರದ ಕಾಯಿಯಲ್ಲೇ ಬಣ್ಣ ಏರಲು ಶುರುವಾಗುತ್ತದೆ. ನೀವು ಕಳುಹಿಸಿದ್ದು ಕಪ್ಪು ಬಣ್ಣದ ಕಾಯಿ. ಹಣ್ಣನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಳ ನೋಡಿ. ತಳ ಹಸಿರಿದ್ದರೆ ಕಾಯಿ, ಇಟ್ಟಿಗೆ ಕೆಂಪಿಗೆ ತಿರುಗಿದ್ದರೆ ಹಣ್ಣು. ಇನ್ನೊಂದು ಗುರುತೆಂದರೆ ಹೊಳಪು. ಕಾಯಿಯ ಕಪ್ಪು ಎಣ್ಣೆ ಸವರಿದಂತೆ ಮಿಂಚುತ್ತದೆ, ಹಣ್ಣಾದಾಗ ಮಂಕಾಗುತ್ತದೆ. ಹೊಳೆಯುವುದನ್ನು ಕೊಯ್ದಿರೋ, ಯಲಹಂಕದವರು ಮತ್ತೆ ಫೋನ್ ಮಾಡುತ್ತಾರೆ.

ಎಲೆಯನ್ನು ಒಮ್ಮೆಲೇ ಬೋಳಿಸಬೇಡಿ. ಬಲಿತ ಗೊಂಚಲಿನ ಕೆಳಗಿನ ಎಲೆಗಳನ್ನು ವಾರಕ್ಕೆ ಎರಡು ಮೂರರಂತೆ ತೆಗೆಯಿರಿ. ನೆರಳಿನಲ್ಲಿ ಬೆಳೆದ ಕಾಯಿಗೆ ಏಕಾಏಕಿ ಬಿಸಿಲು ತಗುಲಿದರೆ ಬೆಳ್ಳಗೆ ಸುಟ್ಟು ಕಾಗದದಂತಾಗುತ್ತದೆ. ಅಂದ ಹಾಗೆ, ಇದು ಮೇಲೆ ಮೇಲೆ ಏರುತ್ತಲೇ ಹೋಗುವ ಜಾತಿಯಲ್ಲ, ಒಂದು ಎತ್ತರಕ್ಕೆ ಬಂದು ನಿಂತುಬಿಡುತ್ತದೆ. ಮುಂದಿನ ಸಲ ಎರಡು ಕಾಂಡ ಬಿಡಿ. ಬೆಳಿಗ್ಗೆ ಹತ್ತರ ಹೊತ್ತಿಗೆ ದಾರಗಳನ್ನು ಒಮ್ಮೆ ತಟ್ಟಿಕೊಂಡು ಹೋಗಿ, ಪಾಲಿಹೌಸ್ ಒಳಗೆ ಪರಾಗ ಉದುರಿಸಲು ಗಾಳಿಯೂ ಇಲ್ಲ, ಜೇನೂ ಇಲ್ಲ.


ನರ್ಸರಿ ಅಕ್ಕ · ಜನವರಿ 12

ಬಣ್ಣದ ಮಾತು ಬಲ್ಲವರು ಹೇಳಲಿ. ನಾನು ಬೀಜದ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ವಿದೇಶದಿಂದ ಬಿತ್ತನೆ ಬೀಜ ತರಬೇಕಾದರೆ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಅಕ್ಕನ ಮಗ ಚಾಕೊಲೇಟ್ ಜೊತೆಗೆ ಸೂಟ್‌ಕೇಸಿನಲ್ಲಿ ತರುವ ವಸ್ತುವಲ್ಲ ಅದು. ಇದು ಬರೀ ಕಾಗದಪತ್ರದ ಕಾಟ ಎಂದುಕೊಳ್ಳಬೇಡಿ. 2014–15ರಲ್ಲಿ ಇಸ್ರೇಲ್, ಜೋರ್ಡಾನ್‌ನ ಹಸಿರುಮನೆಗಳಲ್ಲಿ ಮೊದಲು ಕಂಡ ಒಂದು ವೈರಸ್ ಇದೆ. ಹಣ್ಣಿನ ಮೇಲೆ ಕಂದು ಸುಕ್ಕು ಬರಿಸುತ್ತದೆ. ಬೀಜದಲ್ಲಿ ಬರುತ್ತದೆ, ಕೈ, ಕತ್ತರಿ, ದಾರದಿಂದ ಗಿಡದಿಂದ ಗಿಡಕ್ಕೆ ದಾಟುತ್ತದೆ. ಟೊಮೆಟೊವನ್ನಷ್ಟೇ ಅಲ್ಲ, ದೊಣ್ಣೆಮೆಣಸಿನಕಾಯಿಯನ್ನೂ ಹಿಡಿಯುತ್ತದೆ. ನಿಮ್ಮ ಆ ಒಂದು ಸಾಲಿನ ಪಕ್ಕದಲ್ಲಿ ಏನಿದೆ ಎಂದು ನಾನು ಹೇಳಬೇಕಾಗಿಲ್ಲ. ಈಗ ಗಿಡ ಆರೋಗ್ಯವಾಗಿದ್ದರೆ ದೇವರು ದೊಡ್ಡವನು. ಆದರೆ ಆ ಸಾಲಿಗೆ ಬೇರೆಯೇ ಕತ್ತರಿ ಇಡಿ, ಅದರ ಕೆಲಸವನ್ನು ದಿನದ ಕೊನೆಗೆ ಮಾಡಿ, ಬೀಜವನ್ನು ಯಾರಿಗೂ ಹಂಚಬೇಡಿ.

ಇನ್ನು ಕುಲಾಂತರಿ. ಕುಲಾಂತರಿ ನೇರಳೆ ಟೊಮೆಟೊ ನಿಜಕ್ಕೂ ಇದೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ನೆಸ್ ಕೇಂದ್ರದವರು ಸ್ನ್ಯಾಪ್‌ಡ್ರ್ಯಾಗನ್ ಹೂವಿನ ಎರಡು ಜೀನ್ ಸೇರಿಸಿ ಮಾಡಿದ್ದು, 2008ರಲ್ಲಿ ಪ್ರಕಟಿಸಿದರು. ಅಮೆರಿಕದಲ್ಲಿ 2024ರಿಂದ ಮನೆ ತೋಟದವರಿಗೂ ಅದರ ಬೀಜ ಮಾರುತ್ತಿದ್ದಾರೆ. ನಮ್ಮಲ್ಲಿ ವಾಣಿಜ್ಯ ಬೇಸಾಯದಲ್ಲಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಒಂದೇ. ಹಾಗಾಗಿ ನಿಮ್ಮದು ಯಾವುದೆಂದು ತಿಳಿಯುವುದು ಒಳ್ಳೆಯದು. ಒಂದು ಹಣ್ಣನ್ನು ಅಡ್ಡಕ್ಕೆ ಕೊಯ್ಯಿರಿ. ತಿರುಳೂ ನೇರಳೆಯಾಗಿದ್ದರೆ ಅದು ಸ್ನ್ಯಾಪ್‌ಡ್ರ್ಯಾಗನ್ ಜೀನಿನದು. ಸಿಪ್ಪೆ ಮಾತ್ರ ನೇರಳೆ, ಒಳಗೆ ಕೆಂಪು ಎಂದಾದರೆ ನೆರೆಯವರಿಗೆ ಒಂದು ಹೋಳು ಕೊಟ್ಟು ಬಾಯಿ ಮುಚ್ಚಿಸಿ.


ಕೊರ್ವಾಲಿಸ್ ಅಂಗಳ · ಜನವರಿ 13

ನಾನು ಹಾಸನದವಳು, ಹದಿನೆಂಟು ವರ್ಷದಿಂದ ಅಮೆರಿಕದ ಓರೆಗಾನ್‌ನ ಕೊರ್ವಾಲಿಸ್‌ನಲ್ಲಿದ್ದೇನೆ. ನಿಮ್ಮ ಇಂಡಿಗೋ ರೋಸ್ ಹುಟ್ಟಿದ್ದು ಇದೇ ಊರಿನ ವಿಶ್ವವಿದ್ಯಾಲಯದಲ್ಲಿ, ಬಿಡುಗಡೆಯಾದದ್ದು 2012ರಲ್ಲಿ. ಚಿಲಿಯ ಕಡೆಯ ಒಂದು ಕಾಡು ಟೊಮೆಟೊ, ಗಲಾಪಗೋಸ್ ದ್ವೀಪದ ಇನ್ನೊಂದು, ಇವುಗಳ ಗುಣವನ್ನು ಹಳೆಯ ರೀತಿಯಲ್ಲೇ ಪರಾಗ ಮುಟ್ಟಿಸಿ, ತಲೆಮಾರುಗಟ್ಟಲೆ ಆರಿಸಿ ತಂದದ್ದು. ಕುಲಾಂತರಿಯಲ್ಲ. ಹೈಬ್ರಿಡ್ಡೂ ಅಲ್ಲ.

ನಿಮ್ಮ ಪ್ರಶ್ನೆಯ ಉತ್ತರ ನೀವೇ ಬರೆದಿದ್ದೀರಿ: ಪಂಪ್ ಮನೆಯ ಪಕ್ಕದ ಆ ನಾಲ್ಕು ಗಿಡ. ಸಿಪ್ಪೆಯ ನೇರಳೆ ಎಂದರೆ ಆಂಥೋಸಯನಿನ್, ಜಂಬುನೇರಳೆ, ಬದನೆಕಾಯಿಯ ಸಿಪ್ಪೆಯಲ್ಲಿರುವಂಥದ್ದೇ ಬಣ್ಣ. (ನಿಮ್ಮ ಅಮ್ಮನವರ ಮಾತಿನಲ್ಲಿ ಸತ್ಯವಿದೆ ಎಂದು ತಿಳಿಸಿ.) ಈ ತಳಿಯಲ್ಲಿ ಬೆಳಕು ನೇರವಾಗಿ ಬಿದ್ದಲ್ಲಿ ಮಾತ್ರ ಅದು ಹುಟ್ಟುತ್ತದೆ, ಅದರಲ್ಲೂ ನೇರಳಾತೀತ (ಯುವಿ) ಕಿರಣ ಬಿದ್ದರೆ ಗಾಢವಾಗುತ್ತದೆ. ತೊಟ್ಟನ್ನು ಮೆಲ್ಲಗೆ ಎತ್ತಿ ನೋಡಿ, ಅದರ ಅಡಿಯಲ್ಲಿ ಹಸಿರು ನಕ್ಷತ್ರವೊಂದು ಅಚ್ಚೊತ್ತಿದಂತೆ ಇರುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ಅದನ್ನು ನೋಡಲೆಂದೇ ಹಣ್ಣು ಕೀಳುತ್ತಿದ್ದಳು.

ಹಿತ್ತಲಲ್ಲಿ ನನ್ನದೊಂದು ಪುಟ್ಟ ಹಸಿರುಮನೆ ಇದೆ, ಎಂಟು ಅಡಿಗೆ ಆರು ಅಡಿ, ಪಾಲಿಕಾರ್ಬೊನೇಟ್ ಹಾಳೆಯದು. ಆ ಹಾಳೆ ನೇರಳಾತೀತ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಮೊದಲ ವರ್ಷ ನನಗೂ ನಿಮ್ಮ ಹಾಗೆಯೇ ತೊಳೆದ ಸೀರೆ ಬಣ್ಣ. ಈಗ ಇಲ್ಲಿನ ಚಳಿ ಕಳೆಯುವವರೆಗೆ ಕುಂಡಗಳನ್ನು ಒಳಗಿಟ್ಟು, ಜೂನ್‌ನಲ್ಲಿ ಹೊರಗೆ ತರುತ್ತೇನೆ.

ನಿಮ್ಮ ಛಾವಣಿಯ ಪ್ಲಾಸ್ಟಿಕ್ಕಿನ ಬಿಲ್ ಹುಡುಕಿ. ‘ಯುವಿ ಸ್ಟೆಬಿಲೈಸ್ಡ್’ ಎಂದರೆ ಪ್ಲಾಸ್ಟಿಕ್ ತಾನು ಬಿಸಿಲಿಗೆ ಪುಡಿಯಾಗದಂತೆ ಔಷಧ ಬೆರೆಸಿದ್ದು, ಅಷ್ಟೆ. ‘ಯುವಿ ಬ್ಲಾಕಿಂಗ್’ ಎಂದಿದ್ದರೆ ಕಿರಣವನ್ನೇ ಒಳಗೆ ಬಿಡದಂತೆ ಮಾಡಿದ್ದು. ಎರಡನ್ನೂ ಒಂದೇ ಎಂದುಕೊಳ್ಳುವವರೇ ಹೆಚ್ಚು. ಎರಡನೆಯದನ್ನು ಹಾಕುವುದು ಬಿಳಿನೊಣಕ್ಕಾಗಿ. ಆ ಕಿರಣವಿಲ್ಲದಿದ್ದರೆ ಅದಕ್ಕೆ ದಾರಿ ಸರಿಯಾಗಿ ಕಾಣುವುದಿಲ್ಲ.

ಒಂದು ಪರೀಕ್ಷೆ ಮಾಡಿ ನೋಡಿ. ಹಸಿರು ಕಾಯಿಯೊಂದಕ್ಕೆ ಕರೆಂಟಿನವರ ಕಪ್ಪು ಟೇಪಿನ ಚೂರು ಅಂಟಿಸಿ, ಹತ್ತು ದಿನ ಬಿಟ್ಟು ಕೀಳಿ. ಒಳಗೊಂದು, ಹೊರಗೊಂದು.

ಪ್ಲಾಸ್ಟಿಕ್ ಬದಲಿಸುವುದು ಆಗದ ಮಾತು ಎಂದಾದರೆ ಬೇರೆ ಬಗೆಯ ನೇರಳೆಯೂ ಇದೆ. ‘ಚೆರೋಕೀ ಪರ್ಪಲ್’ ಎಂಬ ನಾಟಿ ತಳಿ, 1990ರಲ್ಲಿ ಟೆನೆಸಿಯಿಂದ ಅಂಚೆಯಲ್ಲಿ ಬಂದ ಬೀಜದಿಂದ ಹೊರಜಗತ್ತಿಗೆ ಪರಿಚಯವಾದದ್ದು. ಅದರ ಬಣ್ಣ ಆಂಥೋಸಯನಿನ್ ಅಲ್ಲ. ಹಣ್ಣಾದಾಗಲೂ ಹಸಿರು ಪೂರ್ತಿ ಹೋಗದೆ, ಕೆಂಪಿನ ಜೊತೆ ಬೆರೆತು ಹಳೆಯ ದ್ರಾಕ್ಷಾರಸದ ಛಾಯೆ ಕೊಡುತ್ತದೆ. ಹಾಗಾಗಿ ಛಾವಣಿ ಯಾವುದಾದರೂ ಅದಕ್ಕೆ ಅಷ್ಟು ಚಿಂತೆಯಿಲ್ಲ. ರುಚಿಯಲ್ಲಿ ಇಂಡಿಗೋ ರೋಸ್ ಅದರ ಹತ್ತಿರವೂ ಸುಳಿಯುವುದಿಲ್ಲ, ನಮ್ಮೂರಿನ ತಳಿಯನ್ನು ನಾನೇ ಹೀಗೆ ಹೇಳಬೇಕಾಗಿದೆ. ಆದರೆ ಅದು ಬೇಗ ಬಿರಿಯುವ ಹಣ್ಣು. ಕ್ರೇಟಿನಲ್ಲಿ ತುಂಬಿ ಗುಂಡಿ ಬಿದ್ದ ರಸ್ತೆಯಲ್ಲಿ ಕಳುಹಿಸುವಂಥದ್ದಲ್ಲ.


ಹತ್ತುಗುಂಟೆ (ದೊಡ್ಡಬಳ್ಳಾಪುರ) · ಫೆಬ್ರವರಿ 16

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಧ್ಯೆ ಮೆಣಸಿನಕಾಯಿ ಕೊಯ್ಲಿತ್ತು.

ಹಣ್ಣು ಕೊಯ್ದು ನೋಡಿದೆ: ಒಳಗೆಲ್ಲಾ ಕೆಂಪು. ಪಕ್ಕದ ತೋಟದವರನ್ನು ಕರೆದು ಹೋಳು ಕೊಟ್ಟೆ. ಉಪ್ಪು ಖಾರ ಹಾಕಿಸಿಕೊಂಡು ತಿಂದರು, ಪೊಲೀಸರ ಮಾತು ಮತ್ತೆ ಎತ್ತಲಿಲ್ಲ. ನರ್ಸರಿ ಅಕ್ಕ, ನಿಮ್ಮ ಮಾತಿಗೆ ಬೇಸರವಿಲ್ಲ, ಭಯವಾಯಿತು. ಬೇರೆ ಕತ್ತರಿ ತಂದು ಹಿಡಿಗೆ ಕೆಂಪು ದಾರ ಸುತ್ತಿಟ್ಟಿದ್ದೇನೆ. ಸುಕ್ಕು, ಮಚ್ಚೆ ಈವರೆಗೆ ಏನೂ ಇಲ್ಲ.

ಟೇಪು ಅಂಟಿಸಿದ್ದು ಜನವರಿ 14ಕ್ಕೆ. ಹತ್ತನೆಯ ದಿನ ಕಿತ್ತಾಗ ಹೊರಗಿನ ಹಣ್ಣಿನಲ್ಲಿ ಚೌಕಾಕಾರದ ಹಸಿರು ಕಿಟಕಿ, ಅಂಚು ಸ್ಕೇಲಿಟ್ಟು ಗೆರೆ ಎಳೆದಂತೆ. ವಾರ ಕಳೆಯುವಷ್ಟರಲ್ಲಿ ಆ ಕಿಟಕಿಯೂ ನೇರಳೆಗೆ ತಿರುಗಿತು. ಒಳಗಿನ ಹಣ್ಣಿನಲ್ಲೂ ಚೌಕ ಮೂಡಿತ್ತು, ಆದರೆ ಸುತ್ತಲಿನ ಬಣ್ಣವೇ ತೆಳು, ಕಣ್ಣು ಕಿರಿದು ಮಾಡಿ ನೋಡಬೇಕು.

ಬಿಲ್ ಕೂಡ ಸಿಕ್ಕಿತು, ಬೀರುವಿನಲ್ಲಿ ಸಬ್ಸಿಡಿ ಕಾಗದಗಳ ನಡುವೆ. 200 ಮೈಕ್ರಾನ್, ಯುವಿ ಬ್ಲಾಕಿಂಗ್. ಬಿಳಿನೊಣಕ್ಕೆಂದು ನಾನೇ ಹೆಚ್ಚು ದುಡ್ಡು ಕೊಟ್ಟು ಕೇಳಿ ಹಾಕಿಸಿದ್ದು, ನನಗೇ ಮರೆತುಹೋಗಿತ್ತು. ಪಂಪ್ ಮನೆಯ ಪಕ್ಕದ ಆ ಕಪ್ಪು ಸುಂದರಿಯರಲ್ಲಿ ಮೂರಕ್ಕೆ ಈಗ ಬಿಳಿನೊಣ ಹರಡುವ ಎಲೆ ಮುಟುರು ರೋಗ. ಎಲೆಯೆಲ್ಲಾ ದೊನ್ನೆಯಂತೆ ಮುದುಡಿ, ತುದಿ ಹಳದಿಯಾಗಿ, ಗಿಡ ಮೊಣಕಾಲೆತ್ತರಕ್ಕೇ ನಿಂತಿದೆ. ಮೂರನ್ನೂ ಕಿತ್ತು ಸುಟ್ಟೆ. ಒಳಗಿನ ಅರವತ್ತರಲ್ಲಿ ಒಂದಕ್ಕೂ ರೋಗವಿಲ್ಲ. ಮೆಣಸಿನಕಾಯಿ ನನ್ನ ಅನ್ನ. ಟೊಮೆಟೊ ಬಣ್ಣಕ್ಕಾಗಿ ಛಾವಣಿ ಬದಲಿಸುವುದಿಲ್ಲ.

ಎಲೆ ತೆಗೆದ ಮೇಲೆ ಗೊಂಚಲುಗಳು ಸುಮಾರು ಬಣ್ಣ ಕಟ್ಟಿವೆ, ಚಿತ್ರದಷ್ಟಲ್ಲ. ತಳ ಕೆಂಪಾದವನ್ನಷ್ಟೇ ಕೊಯ್ದು, “ಮೇಲೆ ನೇರಳೆ, ಕೆಳಗೆ ಕೆಂಪು, ಹಸಿಯಾಗಿ ತಿನ್ನಿ” ಎಂದು ಚೀಟಿ ಬರೆದು ಅದೇ ಅಪಾರ್ಟ್‌ಮೆಂಟಿಗೆ 12 ಕಿಲೋ ಕಳುಹಿಸಿದೆ. ವಾಪಸ್ ಬರಲಿಲ್ಲ. ಇನ್ನೊಮ್ಮೆ ಬೇಕು ಎಂದವರು ಮೂರು ಮನೆಯವರು ಮಾತ್ರ. ಅಮ್ಮ ಸಿಪ್ಪೆ ಸುಲಿದು ಗೊಜ್ಜು ಮಾಡಿದರು. ಸಿಪ್ಪೆ ಸುಲಿದ ಮೇಲೆ ಅದು ಬರೀ ಟೊಮೆಟೊ, ನಾನು ಸುಮ್ಮನೆ ಉಂಡೆ.

ಮಾಲೂರು ಅಣ್ಣ, ಒಂದು ಮಾತು ಕೇಳಬೇಕು. ಮಧ್ಯಾಹ್ನ ಒಳಗೆ ಈಗಲೇ 34 ಡಿಗ್ರಿ ತೋರಿಸುತ್ತಿದೆ, ತುದಿಯ ಹೂ ಉದುರಲು ಶುರುವಾಗಿದೆ. ಮಾರ್ಚ್‌ವರೆಗೆ ಎಳೆಯಲೇ, ಕಿತ್ತುಬಿಡಲೇ?


ಮಾಲೂರು ರೈತ · ಫೆಬ್ರವರಿ 16

ಇರುವ ಕಾಯಿ ಹಣ್ಣಾಗುವವರೆಗೆ ಬಿಡಿ, ತುದಿ ಚಿವುಟಿ. ಹೂವಿನ ಆಸೆ ಬೇಡ, ಆ ಬಿಸಿಗೆ ಪರಾಗ ಸಾಯುತ್ತದೆ, ಬಣ್ಣವೂ ಇನ್ನು ಏರುವುದಿಲ್ಲ. ಮತ್ತೆ ಹಾಕುವುದಿದ್ದರೆ ಆಗಸ್ಟ್ ಕೊನೆಗೆ ಟ್ರೇ ತುಂಬಿ, ಡಿಸೆಂಬರ್ ಚಳಿಗೆ ಕಾಯಿ ಸಿಕ್ಕಬೇಕು. ಆ ಮೂರು ಮನೆಯವರಿಗೆ ಎಂಟು ಗಿಡ ಸಾಕು.