ಸಹಾಯ ಬೇಕು: ಗಾಳಿ ತಡೆದರೂ ಉಪಗ್ರಹದ ವೇಗ ಹೆಚ್ಚುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಂಜೆ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಅವಳು ಬಿಡುವ ಪೈಕಿಯೂ ಅಲ್ಲ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿದೆ. ಅಲ್ಲೂ ತೆಳುವಾದ ಗಾಳಿ ಇರುವುದರಿಂದ ಅದು ನಿಧಾನವಾಗಿ ಕೆಳಗಿಳಿಯುತ್ತದೆ. ಆಗಾಗ ಎಂಜಿನ್ ಉರಿಸಿ ಮೇಲಕ್ಕೆತ್ತುತ್ತಾರೆ. 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬಿದ್ದದ್ದೂ ಇದೇ ಗಾಳಿಯ ತಡೆಯಿಂದ. ಇಲ್ಲಿಯವರೆಗೆ ತಕರಾರಿಲ್ಲ.

ಆದರೆ ವೃತ್ತಾಕಾರದ ಕಕ್ಷೆಯ ಸೂತ್ರ ಹಾಕಿದರೆ 400 ಕಿ.ಮೀ.ಯಲ್ಲಿ ವೇಗ ಸೆಕೆಂಡಿಗೆ 7.67 ಕಿ.ಮೀ., 300 ಕಿ.ಮೀ.ಯಲ್ಲಿ 7.73 ಕಿ.ಮೀ. ಅಂದರೆ ಗಾಳಿ ಹಿಂದಕ್ಕೆ ತಳ್ಳುತ್ತಿದ್ದರೂ ಉಪಗ್ರಹ ಮೊದಲಿಗಿಂತ ಜೋರಾಗಿ ಓಡುತ್ತದೆ!

ಶಕ್ತಿಯ ಲೆಕ್ಕ ಮಾಡಿ ನೋಡಿದೆ. ಕೆಳಗಿಳಿದಾಗ ಕಳೆದುಹೋದ ಸ್ಥಾನಿಕ ಶಕ್ತಿಯಲ್ಲಿ (ಎತ್ತರದಲ್ಲಿರುವುದರಿಂದ ಇರುವ ಶಕ್ತಿ) ಅರ್ಧ ಚಲನ ಶಕ್ತಿಯಾಗುತ್ತದೆ, ಉಳಿದರ್ಧ ಗಾಳಿಯನ್ನು ಬಿಸಿ ಮಾಡುವುದಕ್ಕೆ ಹೋಗುತ್ತದೆ. ಲೆಕ್ಕ ಚೊಕ್ಕವಾಗಿ ಕೂಡುತ್ತದೆ. ಅವಳಿಗೆ ತೋರಿಸಿದರೆ, "ಸರ್, ಇದು ಜಮಾಖರ್ಚು. ಮುಂದಕ್ಕೆ ತಳ್ಳಿದ್ದು ಯಾರು?" ಎಂದಳು. ನ್ಯಾಯವಾದ ಮಾತು. ಪಠ್ಯದಲ್ಲಿರುವ ದಾರಕ್ಕೆ ಕಟ್ಟಿ ತಿರುಗಿಸುವ ಕಲ್ಲಿನ ಉದಾಹರಣೆ ಇಲ್ಲಿ ಕೆಲಸಕ್ಕೆ ಬಾರದು.

ನಾನು ಸಿಕ್ಕಿಕೊಂಡಿರುವುದು ಇಲ್ಲಿ: ವೃತ್ತಾಕಾರದ ಕಕ್ಷೆಯಲ್ಲಿ ಗುರುತ್ವ ಬಲ ಚಲನೆಯ ದಿಕ್ಕಿಗೆ ಲಂಬವಾಗಿರುತ್ತದೆ, ಆದ್ದರಿಂದ ಅದು ವೇಗವನ್ನು ಹೆಚ್ಚಿಸಲಾರದು. ಇಳಿಯುವಾಗ ಪಥ ಕೊಂಚ ಒಳಕ್ಕೆ ವಾಲುವುದರಿಂದ ಗುರುತ್ವದ ಸಣ್ಣ ಪಾಲು ಮುಂದಕ್ಕೆ ಎಳೆಯುತ್ತದೆಯೇ? ಹೌದಾದರೆ, ಅಷ್ಟು ಅಲ್ಪ ವಾಲಿಕೆಯಿಂದ ಬರುವ ಎಳೆತ ಗಾಳಿಯ ತಡೆಯನ್ನು ಮೀರುತ್ತದೆ ಎಂದು ಬಲಗಳ ಚಿತ್ರ ಬರೆದು, ಶಕ್ತಿಯ ಹೆಸರೆತ್ತದೆ, ತೋರಿಸುವುದು ಹೇಗೆ?